ಪೇಟೆಂಟ್ ಕಮ್ಮಿ ಇರುವ ನಮ್ಮಂಥ ದೇಶಗಳಲ್ಲಿ ಉದ್ಯಮಗಳ ಹೊಸತನ ಅಳೆಯುವುದು ಹೇಗೆ?
ಪೇಟೆಂಟ್, ಸಂಶೋಧನೆಯ ಖರ್ಚು ಇವೆರಡನ್ನೇ ಎಣಿಸಿದರೆ ನಮ್ಮ ಹೊಸತನ ಬಹುಪಾಲು ಲೆಕ್ಕಕ್ಕೇ ಸಿಗುವುದಿಲ್ಲ.

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ರೀಲರ್ ಒಬ್ಬರು ಚರಕ ಬಿಟ್ಟು, ಒಟ್ಟಿಗೆ ಹಲವು ಎಳೆ ಸುತ್ತುವ ಮಲ್ಟಿ ಎಂಡ್ ಯಂತ್ರ ಹಾಕಿಸಿದರು ಅಂದುಕೊಳ್ಳಿ. ನೂಲು ಒಂದೇ ಸಮ ಬರುತ್ತದೆ, ಬೆಲೆಯೂ ಜಾಸ್ತಿ ಸಿಗುತ್ತದೆ. ಆ ಯಂತ್ರ ಜಗತ್ತಿಗೆ ಹೊಸದಲ್ಲ, ಅವರ ಘಟಕಕ್ಕೆ ಹೊಸದು. ಹೊಸತನ ಅನ್ನಿಸಿಕೊಳ್ಳಲು ಅಷ್ಟು ಸಾಕು ಅನ್ನುತ್ತದೆ ಓಸ್ಲೋ ಕೈಪಿಡಿ. ಇದು ಹೊಸತನ ಅಳೆಯುವುದು ಹೇಗೆ ಅಂತ ಹೇಳುವ, ಒಇಸಿಡಿಯ (ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಸ್ಥೆ) ಮಾರ್ಗದರ್ಶಿ. 1992ರಲ್ಲಿ ಮೊದಲು ಬಂದ ಇದರ 2005ರ ಆವೃತ್ತಿಯಲ್ಲಿ ಅಭಿವೃದ್ಧಿಶೀಲ ದೇಶಗಳಿಗೆಂದೇ ಒಂದು ಅನುಬಂಧವಿದೆ. ಆದರೆ ಬರೀ ಐಡಿಯಾ ಸಾಲದು, ಅದು ಬಳಕೆಗೆ ಬಂದಿರಬೇಕು.

ಸಮೀಕ್ಷೆಯಲ್ಲಿ ‘ಹೊಸತನ ಮಾಡಿದ್ದೀರಾ?’ ಅಂತ ಸುಮ್ನೆ ಕೇಳಬೇಡಿ, ‘ಇಲ್ಲ’ ಅಂದುಬಿಡುತ್ತಾರೆ. ಮೂರು ವರ್ಷದಲ್ಲಿ ಯಂತ್ರ, ಕೆಲಸದ ಕ್ರಮ, ಮಾರುವ ದಾರಿ ಏನು ಬದಲಾಯಿತು, ಯಾರಿಂದ ಕಲಿತಿರಿ ಅಂತ ಕೇಳಿ. ನೋಂದಣಿಯಾಗದ ಮನೆ ಘಟಕಗಳನ್ನೂ ಸೇರಿಸಲೇಬೇಕು. ನಮ್ಮ ಕಡೆ ಎಷ್ಟೋ ಕಸುಬು ನಡೆಯುವುದೇ ಅಲ್ಲಿ ಅಲ್ವಾ?