ದುಡಿದ ಮೈಗೆ ನೋವು ಕಡಿಮೆಯೇ?

ಕಡಿಮೆ ಆದಾಯದ ದೇಶಗಳಲ್ಲಿ ದೀರ್ಘಕಾಲದ ನೋವಿಗೆಂದು ಆಸ್ಪತ್ರೆಗೆ ಬರುವವರು ಕಡಿಮೆಯಿರುವುದರಿಂದ, ದುಡಿದು ಗಟ್ಟಿಯಾದ ಮೈಗೆ ನೋವೂ ಕಡಿಮೆಯೇ ಎಂದು ನೀವು ಕೇಳಿದ್ದೀರಿ. ಖಂಡಿತ ಅಲ್ಲ. ಆಸ್ಪತ್ರೆಯ ದಾಖಲೆಯಲ್ಲಿ ಸಿಗುವುದು ಬಂದವರ ಲೆಕ್ಕವೇ ಹೊರತು ನರಳುವವರ ಲೆಕ್ಕವಲ್ಲ.

ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ದಿನವಿಡೀ ಬಗ್ಗಿ ನಾಟಿ ಮಾಡಿದ ಹೆಂಗಸು ಸಂಜೆ ಮೊಣಕಾಲಿಗೆ ಕೈಯೂರಿ, ತುಸು ಹೊತ್ತು ಹಾಗೆಯೇ ನಿಂತು, ಆಮೇಲಷ್ಟೇ ಬೆನ್ನು ನೆಟ್ಟಗೆ ಮಾಡುತ್ತಾಳೆ. ಕೇಳಿದರೆ ನೋವು ಎನ್ನದೆ ಆಯಾಸ ಎನ್ನುತ್ತಾಳೆ. ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ತಪ್ಪುತ್ತದೆ, ಬಸ್ಸಿನ ಖರ್ಚು ಬೇರೆ. ಹಾಗಾಗಿ ಅಂಗಡಿಯ ಮಾತ್ರೆ ನುಂಗಿ ಮರುದಿನ ಮತ್ತೆ ಕೆಲಸಕ್ಕೆ ಇಳಿಯುತ್ತಾಳೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ವೈದ್ಯರ ನಿಗಾ ಇಲ್ಲದೆ ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಕ್ಕೂ ಹಾನಿಯಾಗಬಹುದು. ನನ್ನನ್ನು ಹೆಚ್ಚು ಕಾಡುವುದು ಇದೇ.

ಕ್ಯಾನ್ಸರ್ ನೋವಿನ ಸ್ಥಿತಿ ಇನ್ನೂ ಘೋರ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ 2017ರ ವರದಿಯಂತೆ, ಜಗತ್ತಿನಲ್ಲಿ ವರ್ಷಕ್ಕೆ ಹಂಚಿಕೆಯಾಗುತ್ತಿದ್ದ ಸುಮಾರು 298.5 ಟನ್ ಮಾರ್ಫಿನ್ ಸಮಾನ ಔಷಧದಲ್ಲಿ (ತೀವ್ರ ನೋವು ತಗ್ಗಿಸುವ ಮಾರ್ಫಿನ್ ಮತ್ತು ಅದರಂಥ ಮದ್ದುಗಳು, ಮಾರ್ಫಿನ್ ಲೆಕ್ಕದಲ್ಲಿ) ಕಡಿಮೆ ಆದಾಯದ ದೇಶಗಳಿಗೆ ತಲುಪಿದ್ದು ಕೇವಲ 0.1 ಟನ್. ಸಾಮಾನ್ಯ ಸೊಂಟನೋವಿಗೆ ಮಾರ್ಫಿನ್ ಮದ್ದಲ್ಲ, ನಿಜ. ಅದಕ್ಕೆ ಬೇಕಾದದ್ದು ವ್ಯಾಯಾಮ, ತಿಳಿವಳಿಕೆ, ಕೆಲಸದ ರೀತಿಯಲ್ಲಿ ಬದಲಾವಣೆ. ಆದರೆ ಅದನ್ನು ಹೇಳಿಕೊಡುವ ಫಿಸಿಯೋಥೆರಪಿಸ್ಟರು ಅಲ್ಲಿ ಬಹಳ ವಿರಳ. ಆದ್ದರಿಂದ ನೋವಿನ ಪ್ರಮಾಣ ತಿಳಿಯಬೇಕಾದರೆ ಮನೆ ಮನೆಗೆ ಹೋಗಿ, ಅವರದೇ ಮಾತಿನಲ್ಲಿ ಕೇಳಬೇಕು.