ಈಜು ಕಲಿಸುವ ಕೋಚ್ ಇದ್ದರೆ ಲೈಫ್‌ಗಾರ್ಡ್ ಬೇಡ್ವಾ?

ಮೈಸೂರಿನಲ್ಲಿ ಎಂಟು ವರ್ಷದ ಮಗಳನ್ನು ಬೇಸಿಗೆ ಶಿಬಿರಕ್ಕೆ ಸೇರಿಸಲು ಹೋದಾಗ ಪೂಲ್‌ನವರು "ಕೋಚ್ ಇದ್ದಾರಲ್ಲ, ಲೈಫ್‌ಗಾರ್ಡ್ ಬೇರೆ ಯಾಕೆ?" ಅಂದರು, ಇದು ಸರಿಯಾ ಅಂತ ಕೇಳಿದ್ದೀರಿ.

ಸರಿಯಲ್ಲ. ಕೋಚ್ ಒಂದು ಮಗುವಿಗೆ ಕಾಲು ಬಡಿಯೋದು ಹೇಳಿಕೊಡುವಾಗ ಉಳಿದ ಮಕ್ಕಳು ಅವರ ಬೆನ್ನ ಹಿಂದೆ ಇರುತ್ತಾರೆ. ಲೈಫ್‌ಗಾರ್ಡ್‌ಗೆ ನೀರು ನೋಡೋದು ಬಿಟ್ಟು ಬೇರೆ ಕೆಲಸ ಇರಬಾರದು. 10 ಸೆಕೆಂಡಿನೊಳಗೆ ತನ್ನ ಪಾಲಿನ ನೀರನ್ನು ತಳದವರೆಗೆ ಕಣ್ಣಾಡಿಸಬೇಕು, ಮುಂದಿನ 20 ಸೆಕೆಂಡಿನೊಳಗೆ ಮುಳುಗುವವರನ್ನು ತಲುಪಬೇಕು ಅನ್ನೋದು ಈ ಕೆಲಸದಲ್ಲಿ ಹೆಸರಾದ ಅಳತೆ.

ಇಷ್ಟು ಅವಸರ ಯಾಕೆ ಅಂದರೆ, ಮುಳುಗುವವರು ಸಾಮಾನ್ಯವಾಗಿ ಕೂಗೋದಿಲ್ಲ. ಬಾಯಿ ನೀರಿನ ಮೇಲೆ ಬಂದ ಆ ಕ್ಷಣ ಉಸಿರೆಳೆಯೋಕೇ ಸಾಲದು. ಕೈ ಬೀಸಿ ಕರೆಯೋಕೂ ಆಗಲ್ಲ, ಎರಡೂ ಕೈ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ದಡದಲ್ಲಿ ಕೂತವರಿಗೆ ಮಗು ಆಟ ಆಡ್ತಿದೆ ಅನ್ನಿಸುತ್ತದೆ. ಹೀಗೆ ಒದ್ದಾಡೋದು ಹೆಚ್ಚೆಂದರೆ ಒಂದು ನಿಮಿಷ, ಆಮೇಲೆ ತಳ ಸೇರುತ್ತಾರೆ.

ಸರಸ್ವತಿಪುರಂನ ಯೂನಿವರ್ಸಿಟಿ ಪೂಲ್ ಆಗಲಿ, ನಿಮ್ಮ ಬಡಾವಣೆಯ ಖಾಸಗಿ ಪೂಲ್ ಆಗಲಿ, ಫೀಸ್ ಕಟ್ಟುವ ಮುಂಚೆ ಜನ ಜಾಸ್ತಿ ಇರುವ ಬ್ಯಾಚ್‌ನಲ್ಲಿ ಹೋಗಿ ಅರ್ಧ ಗಂಟೆ ಸುಮ್ನೆ ಕೂತು ನೋಡಿ. ಏಪ್ರಿಲ್, ಮೇ ತಿಂಗಳಲ್ಲಾದರೆ ಇನ್ನೂ ಒಳ್ಳೇದು. ಕಾವಲಿಗೆ ಇರುವವರ ಕೈಯಲ್ಲಿ ಮೊಬೈಲ್ ಇದೆಯಾ? ಅವರು ಊಟಕ್ಕೆ ಎದ್ದರೆ ಆ ಜಾಗಕ್ಕೆ ಇನ್ನೊಬ್ಬರು ಬರ್ತಾರಾ? ಆಳದ ಕಡೆ ನೀರು ಹೊರಹೋಗುವ ಜಾಲರಿ ದಡದಿಂದ ಸ್ಪಷ್ಟವಾಗಿ ಕಾಣಬೇಕು. ನೀರು ಮಬ್ಬಾಗಿದ್ದರೆ ಎಂಥ ಲೈಫ್‌ಗಾರ್ಡ್ ಇದ್ದರೂ ತಳದಲ್ಲಿರುವ ಮಗು ಕಾಣಲ್ಲ. ನೀರಿನಲ್ಲಿ ರೋಗಾಣು ಕೊಲ್ಲುವ ಕ್ಲೋರಿನ್ 1ರಿಂದ 3 ಪಿಪಿಎಂ (ಲೀಟರ್‌ಗೆ ಅಷ್ಟು ಮಿಲಿಗ್ರಾಂ), ಪಿಎಚ್ (ನೀರಿನ ಆಮ್ಲತೆಯ ಅಳತೆ) 7.2ರಿಂದ 7.8 ಇದ್ದರೆ ಸರಿ, ದಿನದ ಲೆಕ್ಕ ಬರೆದ ಪುಸ್ತಕ ತೋರಿಸಿ ಅಂತ ಕೇಳಿ. ಅಂದಹಾಗೆ, ಮೂಗಿಗೆ ರಾಚುವ ವಾಸನೆ ಬಂದರೆ ನೀರು ಶುದ್ಧ ಅಂತ ಅಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಬರುವ ವಾಸನೆ ಅದು.

ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ: "ಮುಳುಗಿದವರನ್ನು ಮೇಲೆ ತಂದ ಮೇಲೆ ಏನು ಮಾಡ್ತೀರಿ?" "ತಲೆಕೆಳಗೆ ಹಿಡಿದು, ಹೊಟ್ಟೆ ಒತ್ತಿ ನೀರು ತೆಗೀತೀವಿ" ಅಂದರೆ ಅಲ್ಲಿ ಸೇರಿಸಬೇಡಿ. ಅದರಿಂದ ಸಮಯ ಹಾಳು, ವಾಂತಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಬೇರೆ. ಉಸಿರಾಟ ನಿಂತಿದ್ದರೆ ಮೊದಲು ಬಾಯಿಂದ ಉಸಿರು ಕೊಡಬೇಕು, ಆಮೇಲೆ ಎದೆ ಒತ್ತಬೇಕು, ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಸಿಪಿಆರ್ (ಹೀಗೆ ಉಸಿರು ಕೊಟ್ಟು ಎದೆ ಒತ್ತುವ) ತರಬೇತಿ ಪಡೆದವರು ಇದನ್ನು ತಡವರಿಸದೆ ಹೇಳ್ತಾರೆ.

ಲೈಫ್‌ಗಾರ್ಡ್ ಇದ್ದರೂ ಮೊದಲ ಕೆಲವು ವಾರ ನೀವೂ ದಡದಲ್ಲೇ ಇರಿ.