ಪ್ರೀತಿಸಲಾಗದ ನಾಯಕ

ಪ್ರಶ್ನೆ: ವಿ.ಸ. ಖಾಂಡೇಕರರ ‘ಯಯಾತಿ’ಯನ್ನು ಮರಾಠಿಯಲ್ಲಿಯೇ ಓದಿದೆ. ಮಗನ ಯೌವನವನ್ನೇ ಬೇಡುವಂಥ ನಾಯಕನನ್ನು ಪ್ರೀತಿಸಲು ನನ್ನಿಂದಾಗಲಿಲ್ಲ. ಇದು ಕಾದಂಬರಿಯ ಸೋಲಲ್ಲವೇ?
– ಓದುಗರೊಬ್ಬರು, ಭಾಲ್ಕಿ, ಬೀದರ್ ಜಿಲ್ಲೆ

ಉತ್ತರ: ಸೋಲಲ್ಲ. ಮಹಾಭಾರತದ ಆದಿಪರ್ವದಲ್ಲಿ ಬರುವ ಈ ಕಥೆಯನ್ನು 1959ರ ಆ ಕಾದಂಬರಿಯು ಅರಸ ಯಯಾತಿ, ಅವನ ರಾಣಿ ದೇವಯಾನಿ, ಅವನ ಪ್ರೇಯಸಿ ಶರ್ಮಿಷ್ಠೆ ಮೂವರ ಬಾಯಿಂದಲೂ ಹೇಳಿಸುವುದರಿಂದ, ಅರಸನು ತನ್ನ ಭೋಗಲಾಲಸೆಗೆ ಕೊಡುವ ಸಮರ್ಥನೆಯನ್ನು ಅವನ ಮಾತಿನಲ್ಲೇ ಕೇಳಿದ ನಾವು, ಅದನ್ನು ಆ ಇಬ್ಬರು ಹೆಣ್ಣುಮಕ್ಕಳ ಮಾತಿನೊಂದಿಗೆ ಇಟ್ಟು ತೂಗಬೇಕಾಗುತ್ತದೆ. ನಿಮಗಾದ ಬೇಸರ ಆ ತೂಕದ ಫಲವೆಂದೇ ನನ್ನ ನಂಬಿಕೆ. ಕನ್ನಡಕ್ಕೂ ಇದು ಹೊಸತಲ್ಲ: ಹತ್ತನೆಯ ಶತಮಾನದ ರನ್ನನು ‘ಗದಾಯುದ್ಧ’ದಲ್ಲಿ ದುರ್ಯೋಧನನ ತಪ್ಪುಗಳನ್ನು ಮರೆಮಾಚದೆ, ಹೆಣಗಳ ನಡುವೆ ತಮ್ಮನನ್ನೂ ಗೆಳೆಯ ಕರ್ಣನನ್ನೂ ಕಂಡು ಗೋಳಿಡುವ ಅವನೊಂದಿಗೆ ನಮ್ಮನ್ನು ನಡೆಸುತ್ತಾನೆ. ಶರ್ಮಿಷ್ಠೆಯ ಭಾಗಗಳನ್ನು ದಯವಿಟ್ಟು ಇನ್ನೊಮ್ಮೆ ಓದಿರಿ.